ಹಿಮ ಬೀಳುವ ಜಾಗದಲ್ಲಿ ಜಲ್ಲಿ ಪಾರ್ಕಿಂಗ್: ಕಟ್ಟುವುದು ಹೇಗೆ, ಕಾಪಾಡುವುದು ಹೇಗೆ

ಜಲ್ಲಿ ಹಾಸಿದ ಪಾರ್ಕಿಂಗ್ ಜಾಗದ ಬಗ್ಗೆ ಬರುವ ದೂರು ಬಹುತೇಕ ಒಂದೇ. ಚಳಿಗಾಲವಿಡೀ ಗಟ್ಟಿಯಾಗಿದ್ದ ನೆಲ ಹಿಮ ಕರಗುವ ಹೊತ್ತಿಗೆ ಕೆಸರಾಗುತ್ತದೆ, ಚಕ್ರ ಹೂತುಕೊಳ್ಳುತ್ತದೆ. ಮಾಲೀಕರು ಇನ್ನೆರಡು ಟಿಪ್ಪರ್ ಜಲ್ಲಿ ತರಿಸಿ ಸುರಿಯುತ್ತಾರೆ. ಮರುವರ್ಷ ಅದೇ ಹೊತ್ತಿಗೆ ಅದೇ ಕೆಸರು. ಸುರಿದ ಜಲ್ಲಿ ಏನಾಯಿತೆಂದೇ ತಿಳಿಯುವುದಿಲ್ಲ. ಅದು ಎಲ್ಲಿಗೂ ಹೋಗಿರುವುದಿಲ್ಲ. ಕಲ್ಲು ಮೆತ್ತನೆಯ ಮಣ್ಣಿನೊಳಗೆ ಇಳಿದಿರುತ್ತದೆ, ಆ ಮಣ್ಣು ಕಲ್ಲಿನ ಸಂದುಗಳಿಗೆ ಏರಿರುತ್ತದೆ.

ಹೀಗೆ ಕೆಟ್ಟ ಜಾಗಗಳಲ್ಲಿ ಜಲ್ಲಿ ಕಡಿಮೆಯಾದದ್ದಕ್ಕಿಂತ ಕೆಲಸದ ಕ್ರಮ ತಪ್ಪಿದ್ದೇ ಹೆಚ್ಚು. ನೀರು ಹೊರಹೋಗುವ ದಾರಿ ಮೊದಲು, ತಳ ಆಮೇಲೆ, ಜಲ್ಲಿ ಕೊನೆಗೆ. ಬಹಳ ಮಂದಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಏಕೆಂದರೆ ಕಣ್ಣಿಗೆ ಕಾಣುವುದು ಜಲ್ಲಿ ಮಾತ್ರ. ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ.

## ಮೊದಲು ತಿಳಿದಿರಬೇಕಾದದ್ದು: ನೆಲ ಉಬ್ಬುವುದು ಏಕೆ

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ನೆಲ ಉಬ್ಬಲು ಅದೊಂದೇ ಕಾರಣವಾಗಿದ್ದರೆ ತೊಂದರೆ ಸಣ್ಣದಿರುತ್ತಿತ್ತು. ಚಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದಂತೆ, ಹೆಪ್ಪುಗಟ್ಟುತ್ತಿರುವ ಗೆರೆಯ ಕಡೆಗೆ ಕೆಳಗಿನ ತೇವವನ್ನು ನುಣ್ಣನೆಯ ಮಣ್ಣು ಎಳೆಯುತ್ತದೆ, ದೀಪದ ಬತ್ತಿ ಎಣ್ಣೆಯನ್ನು ಎಳೆದಂತೆ. ಹಾಗೆ ಬಂದ ನೀರು ಅಲ್ಲಿ ಮಂಜುಗಡ್ಡೆಯ ಪದರವಾಗಿ ವಾರಗಟ್ಟಲೆ ದಪ್ಪವಾಗುತ್ತ, ಮೇಲಿರುವುದನ್ನೆಲ್ಲ ಎತ್ತುತ್ತದೆ. ಕರಗುವಾಗ ಆ ನೀರಷ್ಟೂ ಅದೇ ಜಾಗದಲ್ಲಿ ಬಿಡುಗಡೆಯಾಗುತ್ತದೆ. ವಸಂತದ ಕೆಸರು ಆ ವಾರ ಬಿದ್ದ ಮಳೆಯದಲ್ಲ. ಚಳಿಗಾಲದುದ್ದಕ್ಕೂ ಕೆಳಗಿನಿಂದ ಬಂದು ಕೂಡಿದ ನೀರಿನದು.

ಇದಕ್ಕೆ ಮೂರು ಸೇರಬೇಕು: ಕೊರೆಯುವ ಚಳಿ, ನೀರಿನ ಪೂರೈಕೆ, ನೀರೆಳೆಯುವ ಮಣ್ಣು. ಮೂರರಲ್ಲಿ ಒಂದು ಇಲ್ಲದಿದ್ದರೂ ನೆಲ ಉಬ್ಬದು. ಚಳಿ ನಮ್ಮ ಮಾತು ಕೇಳುವುದಿಲ್ಲ, ಉಳಿದೆರಡು ಕೇಳುತ್ತವೆ.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಹಿಮ ಒಳ್ಳೆಯ ಹೊದಿಕೆ. ಹಿಮ ಮುಚ್ಚಿದ ಪಕ್ಕದ ಹುಲ್ಲುನೆಲಕ್ಕಿಂತ, ಹಿಮ ತೆಗೆದು ಬರಿದಾಗಿಸಿದ ಪಾರ್ಕಿಂಗ್ ಜಾಗದಲ್ಲಿ ಚಳಿ ಹೆಚ್ಚು ಆಳಕ್ಕೆ ಇಳಿಯುತ್ತದೆ. ಆದ್ದರಿಂದ ತೋಟದ ಮಣ್ಣು ಎಷ್ಟು ಆಳ ಹೆಪ್ಪುಗಟ್ಟುತ್ತದೆ ಎಂಬ ಲೆಕ್ಕವನ್ನು ಇಲ್ಲಿಗೆ ತರಬೇಡಿ.

## ಬೇಕಾಗುವ ಸಲಕರಣೆ

ಅಗೆಯುವ ಯಂತ್ರ, ಟಿಪ್ಪರ್, ಕಂಪನವಿರುವ ರೋಲರ್, ರೋಲರ್ ಹೋಗದ ಮೂಲೆಗಳಿಗೆ ಪ್ಲೇಟ್ ಕಾಂಪ್ಯಾಕ್ಟರ್. ಜಾಗ ದೊಡ್ಡದಿದ್ದರೆ ನೆಲವನ್ನು ಕೆರೆದು ಮಟ್ಟ ಮಾಡುವ ಗ್ರೇಡರ್ ಯಂತ್ರ. ಚಿಕ್ಕದಿದ್ದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಬ್ಲೇಡ್ ಸಾಕು. ಕೈಗೆ ಸಲಿಕೆ, ಗುದ್ದಲಿ, ಹಾರೆ, ಕಬ್ಬಿಣದ ಹಲ್ಲಿನ ಕುಂಟೆ. ಮಟ್ಟ ನೋಡಲು ಗೂಟ, ದಾರ, ಜೊತೆಗೆ ನೀರು ತುಂಬಿದ ಪಾರದರ್ಶಕ ಪೈಪ್ ಅಥವಾ ಲೇಸರ್ ಮಟ್ಟ.

ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಬೆರಳು ಗಾತ್ರದ, ಒಂದೂವರೆ ಮೀಟರ್ ಉದ್ದದ, ತುದಿ ಚೂಪಾದ ಉಕ್ಕಿನ ಸರಳು. ಕಟ್ಟುವಾಗಲೂ ಬೇಕು, ಪ್ರತಿ ವಸಂತದಲ್ಲೂ ಬೇಕು. ಇಟ್ಟುಕೊಂಡಿರಿ.

## ಹಂತ 1: ಮಣ್ಣನ್ನು ಪರೀಕ್ಷಿಸಿ

ಜಾಗದ ನಾಲ್ಕಾರು ಕಡೆ, ಕನಿಷ್ಠ ಒಂದು ಮೀಟರ್ ಆಳದ ಗುಂಡಿ ತೋಡಿ. ಅದಕ್ಕೂ ಮೊದಲು ನೆಲದಡಿ ವಿದ್ಯುತ್ ಕೇಬಲ್, ಅನಿಲ ಕೊಳವೆ, ನೀರಿನ ಪೈಪ್ ಹಾದುಹೋಗಿವೆಯೇ ಎಂದು ಸಂಬಂಧಪಟ್ಟವರಿಂದ ಖಚಿತಪಡಿಸಿಕೊಳ್ಳಿ.

ಪ್ರತಿ ಗುಂಡಿಯ ತಳದ ಮಣ್ಣನ್ನು ಗಾಜಿನ ಜಾಡಿಯಲ್ಲಿ ಮೂರನೇ ಒಂದು ಪಾಲು ತುಂಬಿ, ಮೇಲೆ ನೀರು ಹಾಕಿ, ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಸೇರಿಸಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದ ಆಸುಪಾಸಿನಲ್ಲಿ ತಳಕ್ಕೆ ಕೂರುತ್ತದೆ. ಅದರ ಮೇಲೆ ಒಂದೆರಡು ಗಂಟೆಗಳಲ್ಲಿ ಕೂರುವುದು ಹೂಳು. ಮರುದಿನವೂ ನೀರನ್ನು ಕದಡಿರುವುದು ಜೇಡಿ. ಮೂರು ಪಟ್ಟಿಗಳು ಗಾಜಿನ ಹೊರಗಿನಿಂದಲೇ ಕಾಣುತ್ತವೆ; ಅಳತೆಪಟ್ಟಿ ಹಿಡಿದು ಗುರುತು ಮಾಡಿಕೊಳ್ಳಿ.

ಮಧ್ಯದ ಪಟ್ಟಿ, ಅಂದರೆ ಹೂಳು, ದಪ್ಪವಿದ್ದಷ್ಟೂ ಆ ಮಣ್ಣು ಅಪಾಯಕಾರಿ. ಜೇಡಿಯ ಸಂದುಗಳು ಇನ್ನೂ ಸಣ್ಣವಾದರೂ ಅವುಗಳಲ್ಲಿ ನೀರು ಬಹಳ ನಿಧಾನವಾಗಿ ಚಲಿಸುತ್ತದೆ. ಮರಳಿನಲ್ಲಿ ನೀರು ಬೇಗ ಇಳಿಯುತ್ತದೆ, ಮೇಲೇರುವುದಿಲ್ಲ. ಹೂಳು ಮಾತ್ರ ನೀರನ್ನು ಎತ್ತರಕ್ಕೂ ಎಳೆಯುತ್ತದೆ, ವೇಗವಾಗಿಯೂ ಎಳೆಯುತ್ತದೆ. ಒದ್ದೆ ಹೂಳನ್ನು ಬೆರಳುಗಳ ನಡುವೆ ಉಜ್ಜಿದರೆ ನುಣ್ಣಗೆ ಜಾರುತ್ತದೆ, ಜೇಡಿಯಂತೆ ಅಂಟುವುದಿಲ್ಲ, ಒಣಗಿದ ಮೇಲೆ ಕೊಡವಿದರೆ ಪುಡಿಯಾಗಿ ಉದುರಿ ಹೋಗುತ್ತದೆ.

ಗುಂಡಿಗಳನ್ನು ಒಂದೆರಡು ದಿನ ಹಾಗೇ ಬಿಡಿ. ತಳದಲ್ಲಿ ನೀರು ಜಿನುಗಿ ನಿಂತರೆ ಅಂತರ್ಜಲ ಹತ್ತಿರವಿದೆ ಎಂದರ್ಥ. ಅಂಥ ಕಡೆ ಹಂತ 3ಕ್ಕೆ ಖರ್ಚು ಹೆಚ್ಚು ಮಾಡಬೇಕಾಗುತ್ತದೆ. ಅದಕ್ಕೆ ತಯಾರಿಲ್ಲದಿದ್ದರೆ ಬೇರೆ ಜಾಗ ನೋಡುವುದೇ ಲೇಸು.

## ಹಂತ 2: ಹಿಮಕ್ಕೆ ಜಾಗ ಗುರುತಿಸಿ, ಆಮೇಲೆ ವಾಹನಗಳಿಗೆ

ನಕ್ಷೆಯಲ್ಲಿ ಮೊದಲು ಬರೆಯಬೇಕಾದದ್ದು ಹಿಮದ ರಾಶಿಯ ಜಾಗ. 30 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗದಲ್ಲಿ 25 ಸೆಂ.ಮೀ. ಹಿಮ ಬಿದ್ದರೆ ಅದು 150 ಘನ ಮೀಟರ್. ತಳ್ಳಿ ರಾಶಿ ಹಾಕಿದಾಗ ಅದು ಕುಗ್ಗಿ ಮೂರನೇ ಒಂದು ಪಾಲಾಯಿತು ಎಂದುಕೊಂಡರೂ 50 ಘನ ಮೀಟರ್ ಉಳಿಯುತ್ತದೆ. ಸರಾಸರಿ ಒಂದೂವರೆ ಮೀಟರ್ ಎತ್ತರಕ್ಕೆ ಒಟ್ಟಿದರೆ ಸುಮಾರು ಮೂರು ಕಾರು ನಿಲ್ಲುವಷ್ಟು ಜಾಗವನ್ನು ಅದು ನುಂಗುತ್ತದೆ. ಇದು ಒಂದೇ ಹಿಮಪಾತದ ಲೆಕ್ಕ.

ರಾಶಿ ಯಾವಾಗಲೂ ಇಳಿಜಾರಿನ ಕೆಳಬದಿಯಲ್ಲಿರಲಿ. ಮೇಲ್ಬದಿಯಲ್ಲಿ ಒಟ್ಟಿದ ಹಿಮ ಹಗಲಿನ ಬಿಸಿಲಿಗೆ ಕರಗಿ ಜಾಗದ ತುಂಬ ಹರಿದು, ರಾತ್ರಿ ಮಂಜುಗಡ್ಡೆಯ ಹಾಳೆಯಾಗುತ್ತದೆ. ಚರಂಡಿಯ ಬಾಯಿ, ಮೋರಿ, ಬಾವಿ ಇವುಗಳ ಮೇಲೆ ರಾಶಿ ಬೇಡ. ಬಿಸಿಲು ಬೀಳುವ ಬದಿ ಸಿಕ್ಕರೆ ಒಳ್ಳೆಯದು.

ಕಾರುಗಳಿಗೆ ಒಂದಕ್ಕೆ 2.5 ಮೀಟರ್ ಅಗಲ, 5 ಮೀಟರ್ ಉದ್ದ, ನೇರವಾಗಿ ನಿಲ್ಲಿಸುವ ಎರಡು ಸಾಲುಗಳ ನಡುವೆ 6 ಮೀಟರ್ ದಾರಿ ಎಂಬುದು ರೂಢಿ. ಜಲ್ಲಿಯ ಮೇಲೆ ಗೆರೆ ನಿಲ್ಲದು, ಹಿಮ ಬಿದ್ದ ಮೇಲೆ ಇದ್ದ ಗುರುತೂ ಕಾಣದು, ಆದ್ದರಿಂದ ಅಗಲವನ್ನು 20-30 ಸೆಂ.ಮೀ. ಹೆಚ್ಚಿಸಿ. ಹಿಮ ತಳ್ಳುವ ಬ್ಲೇಡ್ ಒಂದು ತುದಿಯಿಂದ ರಾಶಿಯವರೆಗೆ ತಿರುವಿಲ್ಲದೆ ಹೋಗುವಂತಿರಬೇಕು. ನಡುವೆ ಹೂವಿನ ಕಟ್ಟೆ, ಅಲಂಕಾರದ ಬಂಡೆ, ದೀಪದ ಕಂಬ ಬೇಡ. ಕಂಬ ಬೇಕೇ ಬೇಕಾದರೆ ಅಂಚಿನಲ್ಲಿ ನಿಲ್ಲಿಸಿ, ಅದರ ಅಡಿಪಾಯವನ್ನು ಚಳಿ ಇಳಿಯುವ ಆಳಕ್ಕಿಂತ ಕೆಳಗೆ ಒಯ್ಯಿರಿ. ಇಲ್ಲವಾದರೆ ಹೆಪ್ಪುಗಟ್ಟಿದ ಮಣ್ಣು ಕಂಬವನ್ನು ಹಿಡಿದು ಪ್ರತಿ ವರ್ಷ ಒಂದಿಷ್ಟು ಮೇಲೆತ್ತುತ್ತದೆ.

ಡಾಂಬರು ರಸ್ತೆಗೆ ಸೇರುವ ಕಡೆ ಮೊದಲ ಕೆಲವು ಮೀಟರ್ ಡಾಂಬರನ್ನೋ ಕಾಂಕ್ರೀಟನ್ನೋ ಹಾಕಿಸುವುದು ದುಂದಲ್ಲ. ವಾಹನಗಳು ಬ್ರೇಕ್ ಹಾಕಿ ತಿರುಗುವ ಜಾಗವೇ ಮೊದಲು ಕಿತ್ತುಹೋಗುವುದು.

## ಹಂತ 3: ನೀರಿಗೆ ದಾರಿ ಮಾಡಿ

ಇಡೀ ಕೆಲಸದ ಜೀವ ಇಲ್ಲಿದೆ. ಜೇಡಿನೆಲದಲ್ಲಿ ಅರ್ಧ ಮೀಟರ್ ಅಗೆದು, ಒಳ್ಳೆಯ ಜಲ್ಲಿ ತುಂಬಿ, ನೀರು ಹೊರಹೋಗಲು ದಾರಿ ಬಿಡದವರು ಕಟ್ಟಿದ್ದು ಪಾರ್ಕಿಂಗ್ ಅಲ್ಲ, ಕಲ್ಲು ತುಂಬಿದ ಹೊಂಡ. ಮಳೆಯ ನೀರು ಜಲ್ಲಿಯಲ್ಲಿ ಸುಲಭವಾಗಿ ಇಳಿದು ಜೇಡಿಯ ಮೇಲೆ ನಿಲ್ಲುತ್ತದೆ. ಜಲ್ಲಿ ಎಷ್ಟು ದಪ್ಪವಿದ್ದರೂ ಅದು ನಿಂತಿರುವುದು ನೀರಿನಲ್ಲಿ.

ಮೊದಲು ಮೇಲ್ಬದಿಯಿಂದ ಬರುವ ನೀರನ್ನು ತಡೆಯಿರಿ. ಗುಡ್ಡದಿಂದಲೋ ಛಾವಣಿಯಿಂದಲೋ ಇಳಿಯುವ ನೀರು ಜಾಗಕ್ಕೆ ಬರುವ ಮೊದಲೇ ಅದನ್ನು ಒಂದು ತೆರೆದ ಚರಂಡಿ ಹಿಡಿದು ಪಕ್ಕಕ್ಕೆ ಸಾಗಿಸಬೇಕು. ನೆಲದೊಳಗಿನಿಂದ ಜಿನುಗುವ ನೀರಿಗಾದರೆ ಆಳದ ಕಾಲುವೆ ತೋಡಿ, ಜಿಯೋಟೆಕ್ಸ್‌ಟೈಲ್ ಬಟ್ಟೆ (ಮಣ್ಣನ್ನು ತಡೆದು ನೀರನ್ನು ಮಾತ್ರ ಬಿಡುವ ಬಟ್ಟೆ) ಹಾಸಿ, ರಂಧ್ರಗಳಿರುವ ಪೈಪ್ ಇಟ್ಟು, ತೊಳೆದ ಜಲ್ಲಿ ತುಂಬಿ, ಬಟ್ಟೆಯನ್ನು ಮೇಲೆ ಮಡಿಚಿ ಮುಚ್ಚಿ.

ಎರಡನೆಯದು, ಜಾಗದ ಕೆಳ ಅಂಚಿನ ಚರಂಡಿ. ಅದರ ತಳ ಜಲ್ಲಿ ಪದರದ ತಳಕ್ಕಿಂತ ಕೆಳಗಿರಬೇಕು, ಕನಿಷ್ಠ 15 ಸೆಂ.ಮೀ. ಜಲ್ಲಿ ಪದರ ಆ ಚರಂಡಿಯ ಬದಿಗೆ ತೆರೆದುಕೊಂಡಿರಬೇಕು. ಬಹಳ ಕಡೆ ಚರಂಡಿ ಇರುತ್ತದೆ, ಆದರೆ ಅದಕ್ಕೂ ಜಲ್ಲಿಗೂ ನಡುವೆ ಅಗೆಯದೆ ಬಿಟ್ಟ ಮಣ್ಣಿನ ಗೋಡೆ ಒಂದು ಅಡ್ಡ ನಿಂತಿರುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಚರಂಡಿಗೆ ಒಂದು ಕೊನೆಯೂ ಬೇಕು. ನೀರು ಪಕ್ಕದವರ ಜಮೀನಿಗೋ ರಸ್ತೆಗೋ ಹರಿಯದಂತೆ ಅದರ ಗತಿಯನ್ನು ಮೊದಲೇ ತೀರ್ಮಾನಿಸಿ. ಮೋರಿ ಇಡುವುದಾದರೆ ಸಣ್ಣ ಪೈಪ್ ಬೇಡ, ಅದು ಮಂಜುಗಡ್ಡೆ ಕಟ್ಟಿ ಬೇಗ ಮುಚ್ಚಿಕೊಳ್ಳುತ್ತದೆ.

## ಹಂತ 4: ಅಗೆತ ಮತ್ತು ತಳ

ಕೆಲಸವನ್ನು ಬೇಸಿಗೆಯ ಒಣ ದಿನಗಳಲ್ಲಿ ಇಟ್ಟುಕೊಳ್ಳಿ. ಹೆಪ್ಪುಗಟ್ಟಿದ ನೆಲದ ಮೇಲೆ ಅಥವಾ ಹೆಪ್ಪುಗಟ್ಟಿದ ಜಲ್ಲಿಯಿಂದ ಕಟ್ಟಿದ್ದು ಎಷ್ಟು ರೋಲರ್ ಹೊಡೆಸಿದರೂ ಒಳಗೆ ಸಡಿಲವಾಗಿಯೇ ಉಳಿದು, ಕರಗಿದ ಮೇಲೆ ಕುಸಿಯುತ್ತದೆ. ಗುತ್ತಿಗೆದಾರರು ಚಳಿ ಶುರುವಾದ ಮೇಲೆ ಬಂದು ಒಂದೇ ವಾರದಲ್ಲಿ ಮುಗಿಸಿಬಿಡುತ್ತೇವೆ ಎಂದರೆ ಒಪ್ಪಬೇಡಿ.

ಹುಲ್ಲು, ಬೇರು, ಕಪ್ಪು ಮೇಲ್ಮಣ್ಣು ಪೂರ್ತಿ ತೆಗೆಯಿರಿ. ಸಾಮಾನ್ಯವಾಗಿ 15ರಿಂದ 30 ಸೆಂ.ಮೀ. ಹೋಗುತ್ತದೆ. ತಳದಲ್ಲಿ ತಲೆ ಎತ್ತಿರುವ ದೊಡ್ಡ ಕಲ್ಲುಗಳನ್ನೂ ಕೀಳಬೇಕು, ಏಕೆಂದರೆ ಪ್ರತಿ ಚಳಿಗಾಲ ಅವುಗಳನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಳ್ಳುತ್ತದೆ. ಕಿತ್ತ ಗುಂಡಿಗೆ ಸುತ್ತಲಿನ ಮಣ್ಣನ್ನೇ ತುಂಬಿ ಗಟ್ಟಿಮಾಡಿ. ಅಲ್ಲಿಗೆ ಬೇರೆ ಜಾತಿಯ ಮಣ್ಣು ಬಿದ್ದರೆ ಅಷ್ಟು ಭಾಗ ಬೇರೆಯದೇ ರೀತಿಯಲ್ಲಿ ಉಬ್ಬುತ್ತದೆ.

ಈಗ ವಾಟ, ಅಂದರೆ ನೀರು ಹರಿಯಲು ಕೊಡುವ ಇಳಿಜಾರು. ಮೇಲ್ಮೈಗೆ ಕೊಡುವ ವಾಟವನ್ನೇ ತಳಕ್ಕೂ ಕೊಡಬೇಕು. ತಳವನ್ನು ಮಟ್ಟಸವಾಗಿ ಬಿಟ್ಟು, ಜಲ್ಲಿಯನ್ನು ಮಾತ್ರ ಇಳಿಜಾರಾಗಿ ಹಾಸಿದರೆ ಒಳಗಿನ ನೀರು ಕದಲುವುದಿಲ್ಲ. ಮೀಟರಿಗೆ 2ರಿಂದ 3 ಸೆಂ.ಮೀ. ವಾಟ ಸಾಕು. 20 ಮೀಟರ್ ಅಗಲಕ್ಕೆ ಒಂದೇ ಕಡೆ ಇಳಿಸಿದರೆ ಮೇಲಂಚಿಗೂ ಕೆಳಂಚಿಗೂ ಸುಮಾರು ಅರ್ಧ ಮೀಟರ್ ವ್ಯತ್ಯಾಸ ಬರುತ್ತದೆ. ಅಷ್ಟು ಎತ್ತರ ಸಿಗದ ಕಡೆ ನಡುವೆ ಬೆನ್ನು ಬಿಟ್ಟು ಎರಡೂ ಬದಿಗೆ ಇಳಿಸಿ. ಕಣ್ಣಳತೆಯನ್ನು ನಂಬಬೇಡಿ, ಪೈಪಿನ ನೀರಿನಿಂದಲೇ ಮಟ್ಟ ನೋಡಿ.

ತಳಕ್ಕೆ ರೋಲರ್ ಹೊಡೆಸಿದ ಮೇಲೆ ಹೊರೆ ತುಂಬಿದ ಟಿಪ್ಪರನ್ನು ನಡಿಗೆಯ ವೇಗದಲ್ಲಿ ಇಡೀ ಜಾಗದ ಮೇಲೆ ಓಡಿಸಿ, ನೀವು ಪಕ್ಕದಲ್ಲಿ ನಡೆಯುತ್ತ ಹಿಂದಿನ ಚಕ್ರವನ್ನೇ ನೋಡಿ. ಚಕ್ರದ ಮುಂದೆ ಮಣ್ಣು ಉಬ್ಬಿ ಏಳುತ್ತಿದ್ದರೆ, ಚಕ್ರ ಹೋದ ಮೇಲೆ ನೆಲ ಮತ್ತೆ ಮೇಲೆ ಬರುತ್ತಿದ್ದರೆ, ಅಲ್ಲಿ ಕೆಳಗೆ ಮೆತ್ತಗಿದೆ. ಸುಣ್ಣದ ಪುಡಿಯಿಂದ ಗುರುತು ಹಾಕಿ ಆ ಭಾಗವನ್ನು ಅಗೆದು ತೆಗೆಯಿರಿ.

## ಹಂತ 5: ಬಟ್ಟೆ ಹಾಸುವುದು

ಹೂಳು ಅಥವಾ ಜೇಡಿಯ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಕಡ್ಡಾಯ ಎಂದೇ ತಿಳಿಯಿರಿ. ಜಲ್ಲಿ ಕೆಳಕ್ಕೆ ಇಳಿಯದಂತೆ, ಮಣ್ಣು ಮೇಲಕ್ಕೆ ಏರದಂತೆ ಅದು ತಡೆಯುತ್ತದೆ, ನೀರನ್ನು ಮಾತ್ರ ಬಿಡುತ್ತದೆ. ಕಳೆ ತಡೆಯಲು ತೋಟದಲ್ಲಿ ಹಾಸುವ ತೆಳು ಹಾಳೆ ಈ ಕೆಲಸಕ್ಕೆ ಬಾರದು. ಪ್ಲಾಸ್ಟಿಕ್ ಹಾಳೆಯಂತೂ ನೀರನ್ನು ಕಟ್ಟಿಹಾಕಿ ಇನ್ನಷ್ಟು ಕೆಡಿಸುತ್ತದೆ.

ಸುಕ್ಕಿಲ್ಲದಂತೆ ಹಾಸಿ, ಒಂದರ ಮೇಲೊಂದು 45ರಿಂದ 60 ಸೆಂ.ಮೀ. ಬರುವಂತೆ ಜೋಡಿಸಿ, ಬಹಳ ಮೆತ್ತನೆಯ ನೆಲದಲ್ಲಿ 90 ಸೆಂ.ಮೀ. ಇರಲಿ. ಜಲ್ಲಿ ಸುರಿಯುತ್ತ ಹೋಗುವ ದಿಕ್ಕಿನಲ್ಲಿ ಹಿಂದಿನ ಹಾಳೆ ಮೇಲಿರಬೇಕು, ಮುಂದಿನದು ಅದರ ಕೆಳಗೆ ಸೇರಬೇಕು. ಆಗ ತಳ್ಳುವ ಜಲ್ಲಿ ಜೋಡಣೆಯನ್ನು ಬಿಚ್ಚುವುದಿಲ್ಲ. ಬರಿಯ ಬಟ್ಟೆಯ ಮೇಲೆ ಯಾವ ವಾಹನವನ್ನೂ ಬಿಡಬೇಡಿ. ಟಿಪ್ಪರ್ ಹಾಸಿದ ಜಲ್ಲಿಯ ಮೇಲೆ ನಿಂತು ಮುಂದಕ್ಕೆ ಸುರಿಯಬೇಕು.

## ಹಂತ 6: ಜಲ್ಲಿ ಪದರಗಳು

ಕ್ರಷರಿನಲ್ಲಿ ಒಡೆದ, ಮೂಲೆಗಳಿರುವ ಕಲ್ಲನ್ನೇ ತನ್ನಿ. ಹೊಳೆಯ ಗುಂಡುಕಲ್ಲು ನೋಡಲು ಚಂದ, ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಚಕ್ರದಡಿ ಉರುಳುತ್ತದೆ, ಹಿಮದ ಬ್ಲೇಡಿಗೆ ಸಿಕ್ಕಿ ರಾಶಿ ಸೇರುತ್ತದೆ.

ಹೂಳುನೆಲದಲ್ಲಿ ಕಾರು, ಸಣ್ಣ ವಾಹನಗಳಿಗೆ ಒಟ್ಟು 45 ಸೆಂ.ಮೀ. ದಪ್ಪ ಸಾಧಾರಣ ಲೆಕ್ಕ: ಕೆಳಗೆ 75 ಮಿ.ಮೀ. ವರೆಗಿನ ಜಲ್ಲಿ 30 ಸೆಂ.ಮೀ., ಅದರ ಮೇಲೆ 40 ಮಿ.ಮೀ. ವರೆಗಿನದು 10 ಸೆಂ.ಮೀ., ಕೊನೆಗೆ 20 ಮಿ.ಮೀ. ವರೆಗಿನದು 5 ಸೆಂ.ಮೀ. ಮರಳುನೆಲದಲ್ಲಿ ಇದರ ಅರ್ಧವೂ ಸಾಕಾಗಬಹುದು. ಭಾರಿ ಲಾರಿಗಳು ಬರುವುದಾದರೆ ಅಂದಾಜು ಬಿಟ್ಟು ಎಂಜಿನಿಯರನ್ನು ಕೇಳಿ.

ಕೆಳಗಿನ ಎರಡು ಪದರಗಳಲ್ಲಿ ಕಲ್ಲುಪುಡಿ ಕಡಿಮೆ ಇರಬೇಕು. 75 ಮೈಕ್ರಾನ್ ಜರಡಿಯಿಂದ ಇಳಿಯುವ ಪುಡಿ ಶೇ 5 ದಾಟದಿರಲಿ. ಪುಡಿ ಹೆಚ್ಚಾದರೆ ಜಲ್ಲಿಯೇ ಹೂಳಿನಂತೆ ನೀರೆಳೆಯಲು ಶುರುಮಾಡುತ್ತದೆ. ಕ್ರಷರಿನವರು ಕೊಡುವ ಜರಡಿ ಪರೀಕ್ಷೆಯ ಚೀಟಿ ಕೇಳಿ ಪಡೆಯಿರಿ. ಮನೆಯಲ್ಲೇ ನೋಡಬೇಕಾದರೆ ಅದೇ ಗಾಜಿನ ಜಾಡಿಯ ಪರೀಕ್ಷೆ ನಡೆಯುತ್ತದೆ.

ಲೆಕ್ಕ ಹೀಗೆ: 600 ಚದರ ಮೀಟರ್ ಜಾಗಕ್ಕೆ 45 ಸೆಂ.ಮೀ. ಎಂದರೆ ಗಟ್ಟಿಯಾದ ಮೇಲೆ 270 ಘನ ಮೀಟರ್. ಸಡಿಲ ಜಲ್ಲಿ ರೋಲರಿನಡಿ ಐದನೇ ಒಂದು ಪಾಲಿನಷ್ಟು ಕುಗ್ಗುವುದರಿಂದ ತರಿಸಬೇಕಾದದ್ದು 340 ಘನ ಮೀಟರಿನ ಆಸುಪಾಸು. ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿಯದೆ ತರಿಸಿದವರಿಗೆ ಕೊನೆಯ ಪದರಕ್ಕೆ ಕಲ್ಲು ಸಾಲದೆ ಬರುತ್ತದೆ, ಆಗ ತೆಳ್ಳಗಾಗುವುದು ಕೆಳ ಅಂಚು, ಅಂದರೆ ನೀರು ಹೆಚ್ಚಿರುವ ಜಾಗ.

ಒಮ್ಮೆಗೆ 15 ಸೆಂ.ಮೀ. ಹಾಸಿ, ರೋಲರ್ ಹೊಡೆಸಿ, ಆಮೇಲೆ ಮುಂದಿನದು. ಮೆತ್ತನೆಯ ತಳದ ಮೇಲೆ ಬಟ್ಟೆಗೆ ತಾಗುವ ಮೊದಲ ಪದರ ಮಾತ್ರ ಸ್ವಲ್ಪ ದಪ್ಪವಿರಲಿ. ಪ್ಲೇಟ್ ಕಾಂಪ್ಯಾಕ್ಟರ್ ಬಳಸುವ ಕಡೆ 10 ಸೆಂ.ಮೀ. ಮೀರಬೇಡಿ. 30 ಸೆಂ.ಮೀ. ಒಮ್ಮೆಲೇ ಸುರಿದು ಮೇಲೆ ರೋಲರ್ ಓಡಿಸಿದರೆ ಮೇಲಿನ ಅರ್ಧ ಮಾತ್ರ ಗಟ್ಟಿಯಾಗುತ್ತದೆ.

## ಹಂತ 7: ಮೇಲ್ಪದರ

ಇಲ್ಲಿ ನಿಯಮ ತಿರುಗುತ್ತದೆ. ಕೆಳಗೆ ಬೇಡವೆಂದ ಪುಡಿ ಮೇಲ್ಪದರದಲ್ಲಿ ಬೇಕು, ಶೇ 8ರಿಂದ 10ರಷ್ಟು. ಪುಡಿಯಿಲ್ಲದ ಜಲ್ಲಿ ಕೂಡಿಕೊಳ್ಳುವುದಿಲ್ಲ, ಚಕ್ರ ತಿರುಗಿದಾಗಲೆಲ್ಲ ಚದುರುತ್ತದೆ. ಈ ಪುಡಿ ಒಂದಿಷ್ಟು ನೀರನ್ನು ಹಿಡಿಯುತ್ತದೆ ಎಂಬುದೂ ನಿಜ. ಅದಕ್ಕೇ ಈ ಪದರ ತೆಳ್ಳಗಿರಬೇಕು, 5 ಸೆಂ.ಮೀ. ಸಾಕು.

ತೇವ ಸರಿಯಿದ್ದಾಗಲೇ ರೋಲರ್ ಹೊಡೆಸಿ. ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಅಮುಕಿ. ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದರೆ ಎರಡು ಮೂರು ತುಂಡಾಗಿ ಒಡೆದರೆ ಹದ ಬಂದಿದೆ. ಉಂಡೆಯೇ ಕಟ್ಟದಿದ್ದರೆ ನೀರು ಚಿಮುಕಿಸಿ. ಅಂಗೈ ಒದ್ದೆಯಾಗಿ ಹೊಳೆದರೆ ಒಂದು ದಿನ ಕಾಯಿರಿ.

ಮುಗಿದ ಮೇಲೆ ಟ್ಯಾಂಕರಿನಿಂದಲೋ ಪೈಪಿನಿಂದಲೋ ನೀರು ಬಿಟ್ಟು ನೋಡಿ. ಎಲ್ಲಾದರೂ ನಿಂತರೆ ಈಗಲೇ ಸರಿಮಾಡಿ. ಇಂದು ಅಂಗೈ ಅಗಲ ನಿಂತ ನೀರು ಮುಂದಿನ ವರ್ಷದ ಗುಂಡಿ.

## ಹಂತ 8: ಹಿಮ ಬೀಳುವ ಮುನ್ನ

ಅಂಚುಗಳಲ್ಲಿ, ತಿರುವುಗಳಲ್ಲಿ, ಮೋರಿಯ ಬಾಯಿಯಲ್ಲಿ ಒಂದೂವರೆ ಮೀಟರ್ ಎತ್ತರದ, ಬೆಳಕಿಗೆ ಹೊಳೆಯುವ ಪಟ್ಟಿಯ ಕಡ್ಡಿಗಳನ್ನು ನೆಡಿ. ನೆಲ ಹೆಪ್ಪುಗಟ್ಟಿದ ಮೇಲೆ ನೆಡಲಾಗದು. ಚರಂಡಿಯ ಎಲೆಕಸ ತೆಗೆಯಿರಿ. ಇರುವ ಗುಂಡಿಗಳನ್ನು ಸರಿಪಡಿಸಿ, ವಾಟವನ್ನು ಮತ್ತೊಮ್ಮೆ ನೋಡಿ. ತಗ್ಗಿನಲ್ಲಿ ನೀರು ತುಂಬಿಕೊಂಡೇ ಚಳಿಗಾಲಕ್ಕೆ ಹೋದ ನೆಲಕ್ಕೆ ಉಬ್ಬಲು ಬೇಕಾದ ನೀರು ಸಿದ್ಧವಾಗಿಯೇ ಇರುತ್ತದೆ.

## ಹಂತ 9: ಹಿಮ ತೆಗೆಯುವುದು

ಮೊದಲ ಹಿಮವನ್ನು ನೆಲ ಕಾಣುವವರೆಗೆ ಕೆರೆಯುವುದು ಎಲ್ಲರೂ ಮಾಡುವ ತಪ್ಪು. ನೆಲ ಇನ್ನೂ ಹೆಪ್ಪುಗಟ್ಟಿರುವುದಿಲ್ಲ, ಬ್ಲೇಡ್ ಹಿಮದ ಜೊತೆಗೆ ಮೇಲ್ಪದರವನ್ನೂ ಕಿತ್ತು ತಳ್ಳುತ್ತದೆ. ಮೊದಲ 3-5 ಸೆಂ.ಮೀ. ಹಿಮವನ್ನು ಬಿಟ್ಟು, ವಾಹನ ಓಡಿಸಿ ಅಮುಕಿ ಗಟ್ಟಿಯಾಗಲು ಬಿಡಿ. ಅದು ಜಲ್ಲಿಯನ್ನು ಹಿಡಿದಿಡುವ ಹೊರಪದರವಾಗುತ್ತದೆ, ಚಳಿಗಾಲವಿಡೀ ಅದರ ಮೇಲೆಯೇ ಬ್ಲೇಡ್ ಓಡಿಸಬಹುದು.

ಬ್ಲೇಡಿನ ಅಡಿಯ ಆನಿಕೆ ಪಾದಗಳನ್ನು 2-3 ಸೆಂ.ಮೀ. ಎತ್ತರಕ್ಕೆ ಹೊಂದಿಸಿ. ಪಾದಗಳಿಲ್ಲದ ಬ್ಲೇಡಾದರೆ ಅದರ ಅಲಗಿಗೆ ಉದ್ದಕ್ಕೆ ಸೀಳಿದ ಪೈಪ್ ಅಥವಾ ರಬ್ಬರ್ ಪಟ್ಟಿ ತೊಡಿಸುವುದು ರೂಢಿಯಲ್ಲಿದೆ. ಹಿಮ ಎಸೆಯುವ ಸ್ನೋ ಬ್ಲೋವರ್ ಬಳಸುವುದಾದರೆ ನೆಲಕ್ಕೆ ತಾಗಿ ಓಡುವ ಒಂದೇ ಹಂತದ ಯಂತ್ರ ಬೇಡ, ಅದು ಕಲ್ಲನ್ನೂ ಎತ್ತಿ ಎಸೆಯುತ್ತದೆ. ಕಿಟಕಿ ಒಡೆಯುವುದು ಸಣ್ಣ ನಷ್ಟ, ಯಾರದಾದರೂ ಕಣ್ಣಿಗೆ ಬಿದ್ದರೆ ಗತಿಯೇನು? ಎರಡು ಹಂತದ ಯಂತ್ರವನ್ನು ಪಾದ ಎತ್ತರಿಸಿ ಬಳಸಿ, ಎಸೆಯುವ ದಿಕ್ಕಿನಲ್ಲಿ ಯಾರೂ ಇರದಂತೆ ನೋಡಿಕೊಳ್ಳಿ.

ಆ ಹೊರಪದರ ಕೂತ ಮೇಲೆ, ಋತುವಿನಲ್ಲಿ ಮೊದಮೊದಲು ತೆಗೆಯುವ ಹಿಮವನ್ನು ಅಂಚಿನಾಚೆಗೆ ಸಾಧ್ಯವಾದಷ್ಟು ದೂರ ತಳ್ಳಿ. ಅಂಚಿನಲ್ಲೇ ಬಿಟ್ಟರೆ ಅದು ಕಲ್ಲಿನಂತಾಗಿ ನಿಂತು, ಮುಂದಿನ ಪ್ರತಿ ಹಿಮಪಾತಕ್ಕೂ ನಿಮ್ಮ ಜಾಗ ಕಿರಿದಾಗುತ್ತ ಬರುತ್ತದೆ.

ಉಪ್ಪು ಹಾಕಬೇಡಿ. ಡಾಂಬರಿನ ಮೇಲೆ ಕರಗಿದ ನೀರು ಹರಿದುಹೋಗುತ್ತದೆ; ಇಲ್ಲಿ ಉಪ್ಪುನೀರು ಜಲ್ಲಿಯೊಳಗೆ ಇಳಿದು ಮೇಲ್ಪದರವನ್ನು ಹೆಪ್ಪುಗಟ್ಟದ ಕೆಸರಾಗಿಸುತ್ತದೆ, ಅದರ ಕೆಳಗಿನ ನೆಲ ಹೆಪ್ಪುಗಟ್ಟಿಯೇ ಇರುವುದರಿಂದ ಆ ಕೆಸರಿಗೆ ಇಳಿಯಲು ದಾರಿಯಿಲ್ಲ. ಮೈನಸ್ 9 ಡಿಗ್ರಿಯ ಆಚೆಗೆ ಸಾಧಾರಣ ಉಪ್ಪು ಹೇಗೂ ಸರಿಯಾಗಿ ಕೆಲಸ ಮಾಡದು. ಜಾರದಿರಲು ದಪ್ಪ ಮರಳು ಅಥವಾ ತೊಳೆದ ಬೇಬಿ ಜಲ್ಲಿ ಎರಚಿ. ಕಲ್ಲುಪುಡಿ ಎರಚಿದರೆ ವಸಂತದಲ್ಲಿ ಅದೇ ಕೆಸರು.

## ಹಂತ 10: ಕರಗುವ ಕಾಲ

ವರ್ಷದ ಅತಿ ಅಪಾಯದ ವಾರಗಳು ಇವು. ಬರಿದಾಗಿರುವ ನಡುಭಾಗ ಬಿಸಿಲು ಹೀರಿ ಮೊದಲು ಕರಗುತ್ತದೆ. ಹಿಮದ ರಾಶಿಯಡಿ ಇರುವ ಅಂಚು ಇನ್ನೂ ಹೆಪ್ಪುಗಟ್ಟಿರುತ್ತದೆ, ನಡುಭಾಗದ ಕೆಳಗೂ ಹೆಪ್ಪು ಉಳಿದಿರುತ್ತದೆ. ಸುತ್ತ ಗೋಡೆ, ಕೆಳಗೆ ತಳ, ನಡುವೆ ನೀರು. ಚೆನ್ನಾಗಿ ಕಟ್ಟಿದ ಜಾಗಕ್ಕೂ ಈ ಸ್ಥಿತಿ ಬರುತ್ತದೆ.

ಆಗ ಮಾಡಬೇಕಾದದ್ದು: ಕೆಳ ಅಂಚಿನ ಹಿಮದ ಗೋಡೆಯನ್ನು ಕೆಲವು ಮೀಟರಿಗೊಂದರಂತೆ ಸಲಿಕೆಯಿಂದ ಕಡಿದು, ಚರಂಡಿಯವರೆಗೆ ನೀರಿಗೆ ದಾರಿ ಬಿಡುವುದು. ಮೋರಿಯ ಬಾಯಿ ತೆರೆಯುವುದು. ಇದನ್ನು ಬೆಚ್ಚಗಿನ ದಿನಗಳು ಶುರುವಾದ ಕೂಡಲೇ ಮಾಡಿ. ಕೆಸರು ಕಂಡ ಮೇಲೆ ಮಾಡಿದರೆ ಅರ್ಧ ಪ್ರಯೋಜನ.

ಸರಳನ್ನು ತೆಗೆದುಕೊಂಡು ನಡುವೆ ಚುಚ್ಚಿ ನೋಡಿ. ಒಂದಷ್ಟು ಸರಾಗವಾಗಿ ಇಳಿದು, ಆಮೇಲೆ ಟಕ್ಕೆಂದು ನಿಂತು ಅಂಗೈಗೆ ಅದುರು ಬಂದರೆ ಕೆಳಗೆ ಹೆಪ್ಪು ಇನ್ನೂ ಇದೆ. ನಾಲ್ಕಾರು ಕಡೆ ಚುಚ್ಚಿ. ಎಲ್ಲ ಕಡೆ ಒಂದೇ ಆಳದಲ್ಲಿ ನಿಂತರೆ ಹೆಪ್ಪು, ಅಲ್ಲೊಂದು ಇಲ್ಲೊಂದು ನಿಂತರೆ ಬರಿಯ ಕಲ್ಲು. ಹೆಪ್ಪು ಹೋಗುವವರೆಗೆ ಭಾರದ ವಾಹನಗಳನ್ನು ಬಿಡಬೇಡಿ. ಚಳಿ ದೇಶಗಳಲ್ಲಿ ಸಾರ್ವಜನಿಕ ರಸ್ತೆಗಳ ಮೇಲೂ ಈ ವಾರಗಳಲ್ಲಿ ಲಾರಿಗಳ ತೂಕಕ್ಕೆ ಮಿತಿ ಹಾಕುವುದು ಇದೇ ಕಾರಣಕ್ಕೆ. ಕಸದ ಲಾರಿ, ಸರಕು ಲಾರಿ ಬರುವುದಿದ್ದರೆ ಹೊರಗೆ ನಿಲ್ಲಲು ಹೇಳಿ, ಇಲ್ಲವೇ ನಸುಕಿನಲ್ಲಿ ಮೇಲ್ಮೈ ಗಟ್ಟಿಯಿರುವಾಗ ಬಂದು ಹೋಗಲಿ.

ಈ ಹೊತ್ತಿನಲ್ಲಿ ಗ್ರೇಡರ್ ಓಡಿಸುವುದು, ಕೆಸರಿನ ಮೇಲೆ ಜಲ್ಲಿ ಸುರಿಯುವುದು ಎರಡೂ ಬೇಡ. ಸುರಿದದ್ದು ನೇರ ಪಾತಾಳಕ್ಕೆ.

## ಹಂತ 11: ಒಣಗಿದ ಮೇಲೆ ದುರಸ್ತಿ

ಬ್ಲೇಡಿನಿಂದ ಹುಲ್ಲಿಗೆ ಹೋದ ಜಲ್ಲಿಯನ್ನು ಮೊದಲು ಕುಂಟೆಯಿಂದ ಎಳೆದು ತನ್ನಿ. ಅದರ ಜೊತೆಗೆ ಹುಲ್ಲು, ಮಣ್ಣು ಬಾರದಿರಲಿ. ಅಂಚಿನಲ್ಲಿ ಜಲ್ಲಿ, ಮರಳು, ಬೇರು ಸೇರಿ ವರ್ಷದಿಂದ ವರ್ಷಕ್ಕೆ ಒಂದು ದಿಣ್ಣೆ ಬೆಳೆಯುತ್ತದೆ. ಚರಂಡಿ ಎಷ್ಟೇ ಆಳವಿದ್ದರೂ ಆ ದಿಣ್ಣೆ ನೀರನ್ನು ಒಳಗೇ ನಿಲ್ಲಿಸುತ್ತದೆ. ಅದನ್ನು ಪ್ರತಿ ವರ್ಷ ಕಡಿದು ಹಾಕಬೇಕು.

ಗುಂಡಿಗೆ ಒಂದು ಬುಟ್ಟಿ ಜಲ್ಲಿ ಸುರಿದು ಕಾಲಿನಿಂದ ತುಳಿದರೆ ಒಂದು ಮಳೆಗೆ ಅದು ಎದ್ದು ಬರುತ್ತದೆ. ಗುಂಡಿಯ ತಳಕ್ಕಿಂತ 2-3 ಸೆಂ.ಮೀ. ಹೆಚ್ಚು ಆಳಕ್ಕೆ ಸುತ್ತಲಿನ ನೆಲವನ್ನೂ ಸೇರಿಸಿ ಕೆದಕಿ, ಸಡಿಲಾದದ್ದನ್ನು ಹೊಸ ಜಲ್ಲಿಯೊಂದಿಗೆ ಬೆರೆಸಿ, ತೇವದ ಹದ ನೋಡಿ, ವಾಟಕ್ಕೆ ತಂದು ರೋಲರ್ ಹೊಡೆಸಿ. ಮಳೆಯಾದ ಮರುದಿನ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬ್ಲೇಡನ್ನು ನಿಧಾನವಾಗಿ, ಗಂಟೆಗೆ 5-8 ಕಿ.ಮೀ. ವೇಗದಲ್ಲಿ ಎಳೆಯಿರಿ. ಅವಸರಪಟ್ಟರೆ ಬ್ಲೇಡ್ ಕುಪ್ಪಳಿಸಿ, ತಾನೇ ಸಾಲು ಸಾಲು ಉಬ್ಬು ಬಿಡುತ್ತದೆ.

ಕೆಲವು ವರ್ಷಗಳಿಗೊಮ್ಮೆ 2-3 ಸೆಂ.ಮೀ. ಹೊಸ ಮೇಲ್ಪದರ ಬೇಕಾಗುತ್ತದೆ. ಹಳೆಯ ಮೇಲ್ಮೈಯನ್ನು ಕೆದಕಿದ ಮೇಲೆ ಹಾಸಿ, ಇಲ್ಲದಿದ್ದರೆ ಹೊಸದು ಹಳೆಯದರ ಮೇಲೆ ಜಾರುತ್ತಿರುತ್ತದೆ.

## ಅಪಾಯದ ಲಕ್ಷಣಗಳು

ಜಲ್ಲಿಯ ನಡುವೆ ಮಣ್ಣಿನ ಬಣ್ಣದ ನೀರು ಉಕ್ಕಿ, ಒಣಗಿದ ಮೇಲೆ ನುಣ್ಣನೆಯ ಕೆನೆ ಉಳಿದರೆ ತಳದ ಮಣ್ಣು ಮೇಲೇರುತ್ತಿದೆ ಎಂದರ್ಥ. ಬಟ್ಟೆ ಹರಿದಿದೆ ಅಥವಾ ಹಾಸಿಯೇ ಇಲ್ಲ.

ಚಳಿಗಾಲದ ನಡುವೆ ಒಂದು ಭಾಗ ಮಾತ್ರ ಉಬ್ಬಿ ಕಾರಿನ ಹೊಟ್ಟೆಗೆ ತಾಗುತ್ತಿದ್ದರೆ, ಅಲ್ಲಿಗೆ ಎಲ್ಲಿಂದಲೋ ನೀರು ಬರುತ್ತಿದೆ. ಛಾವಣಿಯ ಪೈಪ್, ಒಡೆದ ನೀರಿನ ಕೊಳವೆ, ಮೇಲ್ಬದಿಯ ಒಸರು ಇವುಗಳನ್ನು ಹುಡುಕಿ. ಉಬ್ಬನ್ನು ಕೆರೆದು ಸಮಮಾಡಬೇಡಿ. ಕರಗಿದ ಮೇಲೆ ಅದೇ ಜಾಗ ತಗ್ಗಾಗುತ್ತದೆ.

ಇಡೀ ಜಾಗ ಒಣಗಿದ ಮೇಲೂ ಒಂದು ಮೂಲೆ ವಾರಗಟ್ಟಲೆ ಕಪ್ಪಗೆ, ಒದ್ದೆಯಾಗಿ ಉಳಿದರೆ ಆ ಬದಿಯ ಚರಂಡಿಗೆ ಜಲ್ಲಿ ಪದರ ತೆರೆದುಕೊಂಡಿಲ್ಲ. ಅಂಚಿನಲ್ಲಿ ಒಂದು ಗುಂಡಿ ತೋಡಿದರೆ ನೀರು ಒಳಗಿನಿಂದ ಹರಿದು ಬರುವುದು ಕಣ್ಣಿಗೇ ಕಾಣುತ್ತದೆ. ಅಲ್ಲಿಂದ ಚರಂಡಿಗೆ ಕಾಲುವೆ ಕಡಿಸಿ ಜಲ್ಲಿ ತುಂಬಿ.

ಚಕ್ರದ ಜಾಡು ಒಂದೇ ಕಡೆ ಎರಡು ವಸಂತ ಸತತವಾಗಿ 7-8 ಸೆಂ.ಮೀ. ಗಿಂತ ಆಳ ಬಿದ್ದರೆ ಮೇಲಿನಿಂದ ಜಲ್ಲಿ ಸುರಿಯುವುದನ್ನು ನಿಲ್ಲಿಸಿ. ಅಷ್ಟು ಭಾಗವನ್ನು ಬೇಸಿಗೆಯಲ್ಲಿ ತಳದವರೆಗೆ ಬಿಚ್ಚಿ. ಮಣ್ಣು ಬೆರೆತ ಜಲ್ಲಿಯನ್ನು ಮತ್ತೆ ಅಲ್ಲಿಗೇ ತುಂಬುವ ಆಸೆ ಬೇಡ, ಅದನ್ನು ಬೇರೆ ಕಡೆ ತಗ್ಗು ತುಂಬಲು ಬಳಸಿ. ಬಿಚ್ಚಿದ ಭಾಗದಲ್ಲಿ ಹಂತ 3ರಿಂದ ಮತ್ತೆ ಶುರುಮಾಡಿ.